ಮುಚ್ಚಿದ ಶಾಲೆ, ತೆರೆದ ಕಿಂಡಿ: ಆಫ್ಘನ್ ಹುಡುಗಿಯರ ಆನ್‌ಲೈನ್ ಓದು

ಆಫ್ಘಾನಿಸ್ತಾನದ ಪಶ್ಚಿಮ ಭಾಗದ ಹೆರಾತ್ ನಗರದಲ್ಲಿ, ತಾಲಿಬಾನ್‌ನ ಮೊದಲ ಆಳ್ವಿಕೆಯ ದಿನಗಳಲ್ಲಿ, ಒಂದು ಹೊಲಿಗೆ ಶಾಲೆಯಿತ್ತು. ‘ಚಿನ್ನದ ಸೂಜಿ’ ಎಂಬುದು ಅದರ ಹೆಸರಿನ ಅರ್ಥ. ಬುರ್ಖಾ ತೊಟ್ಟ ಯುವತಿಯರು ಬಟ್ಟೆ, ಕತ್ತರಿ, ದಾರ ತುಂಬಿದ ಚೀಲ ಹಿಡಿದು ಅಲ್ಲಿಗೆ ಬರುತ್ತಿದ್ದರು. ಬಟ್ಟೆಯ ಕೆಳಗೆ ಪುಸ್ತಕಗಳಿರುತ್ತಿದ್ದವು. ಒಳಗೆ ಹೆರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಸಾಹಿತ್ಯದ ಪಾಠ ಹೇಳುತ್ತಿದ್ದರು. ಹೊರಗೆ ಆಟವಾಡುತ್ತಿದ್ದ ಮಕ್ಕಳಿಗೆ ಅಪರಿಚಿತರು ಬಂದರೆ ಸುಳಿವು ಕೊಡುವ ಕೆಲಸ. ಸುಳಿವು ಸಿಕ್ಕೊಡನೆ ಪುಸ್ತಕ ಚೀಲದ ತಳ ಸೇರುತ್ತಿತ್ತು, ಸೂಜಿ ಕೈಗೆ ಬರುತ್ತಿತ್ತು.

ಕಾಲು ಶತಮಾನದ ನಂತರ ಅದೇ ದೇಶದಲ್ಲಿ ಹುಡುಗಿಯರು ಮತ್ತೆ ಕದ್ದು ಓದುತ್ತಿದ್ದಾರೆ. ಈಗ ಸೂಜಿಯ ಜಾಗದಲ್ಲಿ ಮೊಬೈಲ್ ಇದೆ. ಅಮೆರಿಕ, ಬ್ರಿಟನ್, ಫ್ರಾನ್ಸ್, ರುವಾಂಡ, ಕತಾರ್, ಭಾರತ ಹೀಗೆ ಹತ್ತು ಕಡೆಗಳಿಂದ ಪಾಠಗಳು ಅಂತರ್ಜಾಲದ ಮೂಲಕ ಹರಿದು ಬರುತ್ತಿವೆ. ಶಾಲೆಗೆ ಬೀಗ ಹಾಕಬಹುದು, ಅಂತರ್ಜಾಲಕ್ಕೆ ಬೀಗ ಹಾಕಲಾದೀತೇ ಎಂಬ ಉತ್ಸಾಹದ ಮಾತು 2021ರಿಂದಲೂ ಕೇಳಿಬರುತ್ತಿದೆ. ಆದರೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ತಾಲಿಬಾನ್ ಆಡಳಿತ ಅಂತರ್ಜಾಲಕ್ಕೂ ಬೀಗ ಹಾಕಿ ತೋರಿಸಿತು. ಹಾಗಾದರೆ ಆನ್‌ಲೈನ್ ಶಿಕ್ಷಣದಿಂದ ಆಫ್ಘನ್ ಹುಡುಗಿಯರಿಗೆ ಸಿಗುತ್ತಿರುವುದೇನು, ಸಿಗದೆ ಉಳಿದಿರುವುದೇನು? ಅದನ್ನು ಇನ್ನಷ್ಟು ಮನೆಗಳಿಗೆ ತಲುಪಿಸುವ ದಾರಿ ಯಾವುದು?

ಬಾಗಿಲು ಮುಚ್ಚಿದ ಬಗೆ

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ಮುಂದಿನ ತಿಂಗಳು ಪ್ರೌಢಶಾಲೆಗಳನ್ನು ತೆರೆಯುವ ಪ್ರಕಟಣೆ ಹೊರಬಿತ್ತು. ಅದರಲ್ಲಿ ಹುಡುಗರ ಮತ್ತು ಪುರುಷ ಶಿಕ್ಷಕರ ಪ್ರಸ್ತಾಪ ಮಾತ್ರ ಇತ್ತು. ಹುಡುಗಿಯರ ಬಗ್ಗೆ ಒಂದು ಮಾತೂ ಇರಲಿಲ್ಲ. ಆ ಮೌನವೇ ಆಜ್ಞೆಯಾಯಿತು.

2022ರ ಮಾರ್ಚ್ 23, ಹೊಸ ಶೈಕ್ಷಣಿಕ ವರ್ಷದ ಆರಂಭ. ಅಂದು ಹುಡುಗಿಯರ ಪ್ರೌಢಶಾಲೆಗಳೂ ತೆರೆಯುತ್ತವೆ ಎಂದು ಸರಕಾರವೇ ಹೇಳಿತ್ತು. ಸಮವಸ್ತ್ರ ತೊಟ್ಟು, ಪುಸ್ತಕ ಹಿಡಿದು ಬಂದ ಹುಡುಗಿಯರು ತರಗತಿಯಲ್ಲಿ ಕುಳಿತು ಕೆಲವೇ ಗಂಟೆಗಳಾಗಿದ್ದವು. ಅಷ್ಟರಲ್ಲಿ ಆದೇಶ ಬದಲಾಯಿತು. ಅವರನ್ನು ಮನೆಗೆ ಕಳುಹಿಸಲಾಯಿತು. ಅಂದು ಮುಚ್ಚಿದ ಬಾಗಿಲು ಮತ್ತೆ ತೆರೆದಿಲ್ಲ.

2022ರ ಡಿಸೆಂಬರ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ವರ್ಷವಿಡೀ ಶಾಲೆಯ ಮುಖ ಕಾಣದ ಹುಡುಗಿಯರಿಗೆ 12ನೇ ತರಗತಿಯ ಅಂತಿಮ ಪರೀಕ್ಷೆ ಬರೆಯಲು ಅನುಮತಿ ದೊರೆಯಿತು. ಅದೇ ತಿಂಗಳ 20ರಂದು ವಿಶ್ವವಿದ್ಯಾಲಯಗಳಿಗೆ ಮಹಿಳೆಯರ ಪ್ರವೇಶವನ್ನು ನಿಷೇಧಿಸಲಾಯಿತು. ಕೈಗೆ ಪ್ರಮಾಣಪತ್ರ ಸಿಗುವ ಹೊತ್ತಿಗೆ ಅದನ್ನು ತೋರಿಸಬೇಕಾದ ಬಾಗಿಲೇ ಇಲ್ಲವಾಗಿತ್ತು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆಯ ತರಬೇತಿ ಕೊಡುತ್ತಿದ್ದ ಸಂಸ್ಥೆಗಳಿಂದಲೂ ಹೆಣ್ಣುಮಕ್ಕಳನ್ನು ಹೊರಗಿಡಲಾಯಿತು. ಮಹಿಳೆಯರಿಗೆ ಉಳಿದಿದ್ದ ಕೊನೆಯ ಉನ್ನತ ಶಿಕ್ಷಣದ ದಾರಿ ಅದಾಗಿತ್ತು.

ಹೀಗೆ ಆಫ್ಘನ್ ಹುಡುಗಿಗೆ ಶಾಲೆ ಎಂದರೆ ಆರನೇ ತರಗತಿಯವರೆಗೆ ಮಾತ್ರ. ಧಾರ್ಮಿಕ ಶಿಕ್ಷಣ ನೀಡುವ ಮದರಸಾಗಳು ಇವೆಯಾದರೂ ಅಲ್ಲಿನ ಓದು ಪ್ರೌಢಶಾಲೆಯ ಗಣಿತ, ವಿಜ್ಞಾನಗಳಿಗೆ ಬದಲಿಯಾಗದು. ನಿಷೇಧದಿಂದ ಶಾಲೆ ಕಳೆದುಕೊಂಡ ಹುಡುಗಿಯರ ಸಂಖ್ಯೆ 22 ಲಕ್ಷ ಎಂದು ಯುನಿಸೆಫ್ 2025ರ ಮಾರ್ಚ್‌ನಲ್ಲಿ ತಿಳಿಸಿತು. 2030ರವರೆಗೂ ಇದೇ ಸ್ಥಿತಿ ಮುಂದುವರಿದರೆ ಈ ಸಂಖ್ಯೆ 40 ಲಕ್ಷವನ್ನು ದಾಟಲಿದೆ ಎಂದೂ ಅದು ಎಚ್ಚರಿಸಿತು.

ಎರಡು ದಶಕಗಳ ಗಳಿಕೆ

ಈ ನಷ್ಟದ ಅಳತೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಎರಡು ದಶಕಗಳನ್ನು ನೋಡಬೇಕು. 2001ರಲ್ಲಿ ಇಡೀ ಆಫ್ಘಾನಿಸ್ತಾನದ ಶಾಲೆಗಳಲ್ಲಿದ್ದ ಮಕ್ಕಳು ಸುಮಾರು 10 ಲಕ್ಷ. ಅವರಲ್ಲಿ ಹುಡುಗಿಯರು ಇರಲಿಲ್ಲವೆಂದೇ ಹೇಳಬೇಕು. ಯುನೆಸ್ಕೋ ಲೆಕ್ಕದಂತೆ 2018ರ ವೇಳೆಗೆ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ ಒಂದು ಕೋಟಿಯ ಸಮೀಪಕ್ಕೆ ಬಂದಿತ್ತು. ಪ್ರಾಥಮಿಕ ಶಾಲೆಗಳಲ್ಲಿ 25 ಲಕ್ಷ ಹುಡುಗಿಯರಿದ್ದರು. ಉನ್ನತ ಶಿಕ್ಷಣದಲ್ಲಿ ಐದು ಸಾವಿರದಷ್ಟಿದ್ದ ಮಹಿಳೆಯರ ಸಂಖ್ಯೆ ಒಂದು ಲಕ್ಷ ಮುಟ್ಟಿತ್ತು. ಮಹಿಳಾ ಸಾಕ್ಷರತೆ ಶೇ. 17ರಿಂದ ಶೇ. 30ರ ಸಮೀಪಕ್ಕೆ ಏರಿತ್ತು.

ಈ ಅಂಕಿಗಳನ್ನು ನೋಡಿ ಎಲ್ಲವೂ ಸರಿಯಿತ್ತೆಂದು ಭಾವಿಸಬೇಕಾಗಿಲ್ಲ. ಯುದ್ಧ, ಬಡತನ, ಭ್ರಷ್ಟಾಚಾರ, ಹಳ್ಳಿಗಳಲ್ಲಿ ಶಿಕ್ಷಕಿಯರ ಕೊರತೆ ಎಲ್ಲವೂ ಇದ್ದವು. ಆದರೂ ಓದಿದ ತಾಯಂದಿರ, ಅಕ್ಕಂದಿರ ಒಂದು ಪೀಳಿಗೆ ಬೆಳೆದು ನಿಂತಿತ್ತು. ಇಂದಿನ ಆನ್‌ಲೈನ್ ತರಗತಿಗಳಿಗೆ ಬೇಕಾದ ಆಫ್ಘನ್ ಶಿಕ್ಷಕಿಯರು ದೊರೆತದ್ದು ಈ ಪೀಳಿಗೆಯಿಂದಲೇ. 1990ರ ದಶಕದಲ್ಲಿ ಸಕೀನಾ ಯಾಕೂಬಿಯವರ ಆಫ್ಘನ್ ಇನ್‌ಸ್ಟಿಟ್ಯೂಟ್ ಆಫ್ ಲರ್ನಿಂಗ್ ಸಂಸ್ಥೆ 80 ಗುಪ್ತ ಮನೆಶಾಲೆಗಳಲ್ಲಿ 3,000 ಹುಡುಗಿಯರಿಗೆ ಪಾಠ ಹೇಳಿತ್ತು. ಅಂದು ಪಾಠ ಹೇಳುವವರು ಅದೇ ಬೀದಿಯಲ್ಲಿರಬೇಕಾಗಿತ್ತು. ಇಂದು ಅವರು ಬೇರೊಂದು ಖಂಡದಲ್ಲಿದ್ದರೂ ನಡೆಯುತ್ತದೆ. ತಂತ್ರಜ್ಞಾನ ತಂದ ಮುಖ್ಯ ಬದಲಾವಣೆ ಇದು.

ಗೋಡೆಯಿಲ್ಲದ ಶಾಲೆಗಳು

ಈಗ ನಡೆಯುತ್ತಿರುವ ಪ್ರಯತ್ನಗಳನ್ನು ಸ್ಥೂಲವಾಗಿ ಮೂರು ಗುಂಪಾಗಿ ನೋಡಬಹುದು.

ಮೊದಲನೆಯದು, ಪದವಿ ನೀಡುವ ವಿಶ್ವವಿದ್ಯಾಲಯಗಳು. 2006ರಲ್ಲಿ ಕಾಬೂಲಿನಲ್ಲಿ ಆರಂಭವಾದ ಅಮೆರಿಕನ್ ಯೂನಿವರ್ಸಿಟಿ ಆಫ್ ಆಫ್ಘಾನಿಸ್ತಾನ್ 2021ರಲ್ಲಿ ನೆಲೆ ಕಳೆದುಕೊಂಡು ಕತಾರಿನ ದೋಹಾಕ್ಕೆ ಸ್ಥಳಾಂತರಗೊಂಡಿತು. ದೇಶದೊಳಗೇ ಉಳಿದ ವಿದ್ಯಾರ್ಥಿನಿಯರಿಗೆ ಆನ್‌ಲೈನ್ ಮೂಲಕ ಪಾಠ ಮುಂದುವರಿಸಿತು. 2009ರಲ್ಲಿ ಸ್ಥಾಪನೆಯಾದ, ಬೋಧನಾ ಶುಲ್ಕವಿಲ್ಲದ ಯೂನಿವರ್ಸಿಟಿ ಆಫ್ ದ ಪೀಪಲ್ ಆಫ್ಘನ್ ಮಹಿಳೆಯರಿಗಾಗಿ ವಿಶೇಷ ವಿದ್ಯಾರ್ಥಿವೇತನ ಪ್ರಕಟಿಸಿತು, ಸಾವಿರಾರು ಅರ್ಜಿಗಳು ಬಂದವು. ಇಲ್ಲಿ ನಿಗದಿತ ಹೊತ್ತಿಗೆ ಪರದೆಯ ಮುಂದೆ ಕುಳಿತುಕೊಳ್ಳಬೇಕೆಂಬ ನಿಯಮವಿಲ್ಲ. ಪಾಠ ಬಹುಪಾಲು ಬರಹದ ರೂಪದಲ್ಲಿರುವುದರಿಂದ ವಿದ್ಯುತ್ ಇದ್ದಾಗ ಓದಿ, ಸಂಪರ್ಕ ಸಿಕ್ಕಾಗ ಉತ್ತರ ಕಳುಹಿಸಬಹುದು. 2023ರಲ್ಲಿ ಬ್ರಿಟನ್ನಿನ ಫ್ಯೂಚರ್‌ಲರ್ನ್ ಸಂಸ್ಥೆ, ನಿಷೇಧ ಇರುವಷ್ಟು ಕಾಲ ತನ್ನ ಪಾಠಗಳು ಆಫ್ಘನ್ ಮಹಿಳೆಯರಿಗೆ ಉಚಿತವೆಂದು ಸಾರಿತು.

ಎರಡನೆಯದು, ಶಾಲಾ ಹಂತದ ಓದನ್ನು ಮುಂದುವರಿಸುವ ಆಫ್ಘನ್ನರದೇ ಸಂಸ್ಥೆಗಳು. ಬ್ರಿಟನ್ನಿನಲ್ಲಿ ನೆಲೆಸಿರುವ ಶಿಕ್ಷಕಿ ಏಂಜೆಲಾ ಗಯೂರ್ 2021ರಲ್ಲಿ ಹೆರಾತ್ ಆನ್‌ಲೈನ್ ಶಾಲೆಯನ್ನು ತೆರೆದರು. ಬಾಲ್ಯದಲ್ಲಿ ಇರಾನಿಗೆ ವಲಸೆ ಹೋದಾಗ ಕಾಗದಪತ್ರಗಳ ತೊಡಕಿನಿಂದ ಅವರೇ ವರ್ಷಗಟ್ಟಲೆ ಶಾಲೆಯಿಂದ ಹೊರಗುಳಿದವರು. ಅವರ ಕರೆಗೆ ನೂರಾರು ಸ್ವಯಂಸೇವಕ ಶಿಕ್ಷಕರು ಓಗೊಟ್ಟರು. ಟೆಲಿಗ್ರಾಂ, ಸ್ಕೈಪ್ ಮೂಲಕ ಗಣಿತದಿಂದ ಹಿಡಿದು ಚಿತ್ರಕಲೆಯವರೆಗೆ ತರಗತಿಗಳು ಆರಂಭವಾದವು. ಕಾಬೂಲಿನಲ್ಲಿ ಹುಡುಗಿಯರ ವಸತಿ ಶಾಲೆ ನಡೆಸುತ್ತಿದ್ದ ಶಬಾನಾ ಬಸೀಜ್-ರಾಸಿಖ್, 2021ರ ಆಗಸ್ಟ್‌ನಲ್ಲಿ ವಿದ್ಯಾರ್ಥಿನಿಯರು, ಶಿಕ್ಷಕರು ಸೇರಿ ಸುಮಾರು 250 ಜನರೊಂದಿಗೆ ಆಫ್ರಿಕಾದ ರುವಾಂಡಕ್ಕೆ ತೆರಳಿದರು. ಅವರ ‘ಸೋಲಾ’ ಸಂಸ್ಥೆ 2024ರಲ್ಲಿ ವಾಟ್ಸ್‌ಆಪ್ ಮೂಲಕವೇ ಪಾಠ ತಲುಪಿಸುವ ‘ಸೋಲಾಎಕ್ಸ್’ ಎಂಬ ಶಾಲೆಯನ್ನು ಆರಂಭಿಸಿತು.

ಮೂರನೆಯದು, ಉದ್ಯೋಗಕ್ಕೆ ನೆರವಾಗುವ ಕಲಿಕೆ. ಫೆರೆಶ್ತೆ ಫೊರೋಗ್ 2015ರಲ್ಲಿ ಹೆರಾತ್‌ನಲ್ಲಿ ಹುಡುಗಿಯರಿಗಾಗಿ ಸ್ಥಾಪಿಸಿದ ‘ಕೋಡ್ ಟು ಇನ್‌ಸ್ಪೈರ್’ ಎಂಬ ಕಂಪ್ಯೂಟರ್ ಶಾಲೆ 2021ರ ನಂತರ ಆನ್‌ಲೈನ್‌ಗೆ ಬದಲಾಯಿತು. ಮನೆಯಿಂದ ಹೊರಗೆ ದುಡಿಯುವ ಅವಕಾಶಗಳು ಒಂದೊಂದಾಗಿ ಇಲ್ಲವಾದಾಗ ಮನೆಯೊಳಗಿಂದಲೇ ಮಾಡಬಹುದಾದ ಪ್ರೋಗ್ರಾಮಿಂಗ್, ವಿನ್ಯಾಸ, ಭಾಷಾಂತರದಂಥ ಕೆಲಸಗಳಿಗೆ ಇಂಥ ತರಬೇತಿ ದಾರಿ ಮಾಡಿಕೊಡುತ್ತದೆ.

ಪಾಠವಿದೆ, ದಾರಿಯಿಲ್ಲ

ಇಷ್ಟೆಲ್ಲ ಇದ್ದ ಮೇಲೆ ಕೊರತೆ ಯಾವುದರದು? ಪಾಠಗಳದ್ದಂತೂ ಅಲ್ಲ. ಸಮಸ್ಯೆ ಇರುವುದು ಪಾಠ ಹೊರಡುವ ತುದಿಯಲ್ಲಿ ಅಲ್ಲ, ಅದು ಮುಟ್ಟಬೇಕಾದ ತುದಿಯಲ್ಲಿ.

ಮೊದಲ ತೊಡಕು ವಿದ್ಯುತ್ತಿನದು. ಆಫ್ಘಾನಿಸ್ತಾನ ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಉಜ್ಬೇಕಿಸ್ತಾನ, ತಜಿಕಿಸ್ತಾನ, ತುರ್ಕ್‌ಮೆನಿಸ್ತಾನ, ಇರಾನ್‌ಗಳಿಂದ ಕೊಳ್ಳುತ್ತದೆ. ಚಳಿಗಾಲದಲ್ಲಿ ಪೂರೈಕೆ ಇಳಿದಾಗ ರಾಜಧಾನಿಯಲ್ಲೇ ಗಂಟೆಗಟ್ಟಲೆ ಕತ್ತಲು. ವಿದ್ಯುತ್ ಜಾಲವೇ ತಲುಪದ ಹಳ್ಳಿಗಳು ಬಹಳ. ಅಲ್ಲಿ ಸೌರಫಲಕವೇ ಗತಿ.

ಎರಡನೆಯದು ಸಂಪರ್ಕ. ದೇಶದ ಜನಸಂಖ್ಯೆಯಲ್ಲಿ ಅಂತರ್ಜಾಲ ಬಳಸುವವರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಎಂಬುದು 2023ರ ಅಂದಾಜು. ಇದರಲ್ಲಿ ಮಹಿಳೆಯರ ಪಾಲು ಇನ್ನೂ ಚಿಕ್ಕದು. ಬಳಕೆಯ ಲೆಕ್ಕವನ್ನೂ ಗಮನಿಸಬೇಕು. ಒಂದು ಗಂಟೆಯ ನೇರ ವಿಡಿಯೋ ತರಗತಿಗೆ ಹಲವು ನೂರು ಮೆಗಾಬೈಟ್ ಖರ್ಚಾಗುತ್ತದೆ. ಅದೇ ಪಾಠವನ್ನು ಧ್ವನಿಸಂದೇಶಗಳಾಗಿ ಕಳುಹಿಸಿದರೆ ಹತ್ತಾರು ಮೆಗಾಬೈಟ್ ಸಾಕು. ಅನ್ನಕ್ಕೂ ಇಂಟರ್‌ನೆಟ್ಟಿಗೂ ಒಂದೇ ಕಿಸೆಯಿಂದ ಹಣ ತೆಗೆಯಬೇಕಾದ ಮನೆಯಲ್ಲಿ ಈ ವ್ಯತ್ಯಾಸವೇ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ನಿರ್ಧರಿಸುತ್ತದೆ.

ಮೂರನೆಯದು ಉಪಕರಣ. ಮನೆಗೊಂದೇ ಸ್ಮಾರ್ಟ್‌ಫೋನ್ ಇರುವಲ್ಲಿ ಅದು ಸಾಮಾನ್ಯವಾಗಿ ತಂದೆಯ ಅಥವಾ ಅಣ್ಣನ ಕೈಯಲ್ಲಿರುತ್ತದೆ. ಹುಡುಗಿಗೆ ಸಿಗುವುದು ಅವರು ಮನೆಗೆ ಬಂದ ಮೇಲೆ, ರಾತ್ರಿಯ ಹೊತ್ತು. ಲಂಡನ್ನಿನ ಶಿಕ್ಷಕಿಯ ಬಿಡುವಿಗೆ ತಕ್ಕಂತೆ ಗೊತ್ತುಮಾಡಿದ ತರಗತಿ ಈ ಹುಡುಗಿಗೆ ಒದಗದು.

ನಾಲ್ಕನೆಯದು ಭಾಷೆ. ಉಚಿತವಾಗಿ ದೊರೆಯುವ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಆರನೇ ತರಗತಿಗೆ ಶಾಲೆ ಬಿಟ್ಟ ಹುಡುಗಿಗೆ ಬರುವುದು ದರಿ ಅಥವಾ ಪಶ್ತೋ. ಬೀಜಗಣಿತ ಕಲಿಯುವ ಮೊದಲು ಇಂಗ್ಲಿಷ್ ಕಲಿಯಬೇಕೆಂದರೆ ಅವಳಿಗೆ ಎರಡು ಬೆಟ್ಟಗಳನ್ನು ಒಟ್ಟಿಗೆ ಹತ್ತಿಸಿದಂತೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯದು ಭಯ. ಹುಡುಗಿಯರ ಶಿಕ್ಷಣಕ್ಕಾಗಿ ಹಳ್ಳಿಹಳ್ಳಿ ತಿರುಗುತ್ತಿದ್ದ ‘ಪೆನ್‌ಪಾತ್’ ಸಂಸ್ಥೆಯ ಮತಿಉಲ್ಲಾ ವೆಸಾ ಅವರನ್ನು 2023ರ ಮಾರ್ಚ್‌ನಲ್ಲಿ ಬಂಧಿಸಲಾಯಿತು. ಅವರು ಬಿಡುಗಡೆಯಾದದ್ದು ಏಳು ತಿಂಗಳ ನಂತರ. ಹೆಸರುವಾಸಿಯಾದ ಕಾರ್ಯಕರ್ತನಿಗೇ ಹೀಗಾದರೆ ತಮ್ಮ ಗತಿಯೇನು ಎಂದು ಸಾಮಾನ್ಯ ಕುಟುಂಬಗಳು ಅಂಜುವುದು ಸಹಜ. ಆದ್ದರಿಂದಲೇ ಅನೇಕ ಹುಡುಗಿಯರು ತರಗತಿಯಲ್ಲಿ ಕ್ಯಾಮೆರಾ ತೆರೆಯುವುದಿಲ್ಲ, ನಿಜ ಹೆಸರು ಹೇಳುವುದಿಲ್ಲ. ಪಾಠ ಮುಗಿದೊಡನೆ ಸಂದೇಶಗಳನ್ನು ಅಳಿಸಿಹಾಕುತ್ತಾರೆ. ಶಿಕ್ಷಕಿಗೆ ತನ್ನ ವಿದ್ಯಾರ್ಥಿನಿಯ ಮುಖವೇ ಗೊತ್ತಿರುವುದಿಲ್ಲ.

ನಲವತ್ತೆಂಟು ಗಂಟೆಗಳ ಕತ್ತಲು

ಈ ತೊಡಕುಗಳ ಮೇಲೆ 2025ರಲ್ಲಿ ಇನ್ನೊಂದು ಸೇರಿತು. ಸೆಪ್ಟೆಂಬರ್ 16ರಂದು ಉತ್ತರದ ಬಲ್ಖ್ ಪ್ರಾಂತ್ಯದಲ್ಲಿ ಫೈಬರ್ ಆಪ್ಟಿಕ್ ಇಂಟರ್‌ನೆಟ್ ಸ್ಥಗಿತಗೊಂಡಿತು. ಅನೈತಿಕತೆಯನ್ನು ತಡೆಯುವುದಕ್ಕಾಗಿ ಈ ಕ್ರಮ ಎಂದು ಅಧಿಕಾರಿಗಳು ಕಾರಣ ಕೊಟ್ಟರು. ಇತರ ಪ್ರಾಂತ್ಯಗಳಿಗೂ ಅದು ಹಬ್ಬಿತು. ಸೆಪ್ಟೆಂಬರ್ 29ರಂದು ಇಡೀ ದೇಶದ ಅಂತರ್ಜಾಲ ಮತ್ತು ಮೊಬೈಲ್ ಸಂಪರ್ಕ ಕಡಿದುಬಿತ್ತು. ವಿಮಾನ ಹಾರಾಟ ಅಸ್ತವ್ಯಸ್ತವಾಯಿತು, ಬ್ಯಾಂಕುಗಳ ವ್ಯವಹಾರ ನಿಂತಿತು, ವಿದೇಶಗಳಲ್ಲಿದ್ದವರಿಗೆ ತವರಿನವರ ಸುದ್ದಿಯೇ ಇಲ್ಲವಾಯಿತು. ಸುಮಾರು 48 ಗಂಟೆಗಳ ನಂತರ, ಅಕ್ಟೋಬರ್ 1ರಂದು, ಸಂಪರ್ಕ ಮರಳಿತು.

ಆ ಎರಡು ದಿನ ಆನ್‌ಲೈನ್ ಶಾಲೆಗಳೆಲ್ಲ ಮುಚ್ಚಿದ್ದವು. ಸಂಪರ್ಕ ಮರಳಿದ್ದಕ್ಕೆ ನಿಟ್ಟುಸಿರು ಬಿಟ್ಟವರಿಗೆ ಒಂದು ಸತ್ಯವಂತೂ ಮನದಟ್ಟಾಗಿತ್ತು. ಅಂತರ್ಜಾಲದ ಕೀಲಿಕೈ ಕೂಡ ಶಾಲೆಯ ಕೀಲಿಕೈ ಹಿಡಿದವರ ಬಳಿಯೇ ಇದೆ. ವ್ಯಾಪಾರ, ಆಡಳಿತಗಳಿಗೂ ಅದು ಬೇಕಾಗಿರುವುದರಿಂದ ಶಾಶ್ವತವಾಗಿ ಮುಚ್ಚುವುದು ಕಷ್ಟವಿರಬಹುದು. ಆದರೆ ಒಂದೇ ದಾರಿಯನ್ನು ನೆಚ್ಚಿಕೊಂಡ ಶಿಕ್ಷಣ ಆ ದಾರಿ ಕಡಿದ ದಿನ ನಿಂತುಹೋಗುತ್ತದೆ.

ಹಳೆಯ ಸಾಧನಕ್ಕೆ ಹೊಸ ಕೆಲಸ

ಅದಕ್ಕೇ ಈ ಕ್ಷೇತ್ರದಲ್ಲಿ ದುಡಿಯುವವರು ಹಿಂದಿನ ಕಾಲದ ಸಾಧನಗಳತ್ತ ಮತ್ತೆ ನೋಡುತ್ತಿದ್ದಾರೆ. ಮುಖ್ಯವಾದುದು ಬಾನುಲಿ. 2021ರ ಮಾರ್ಚ್ 8ರ ಮಹಿಳಾ ದಿನದಂದು ಹಮೀದಾ ಅಮಾನ್ ಅವರು ಕಾಬೂಲಿನಲ್ಲಿ ‘ರೇಡಿಯೋ ಬೇಗಂ’ ಆರಂಭಿಸಿದರು. ಶಾಲೆಗಳು ಮುಚ್ಚಿದ ಮೇಲೆ ಅದರ ಸ್ಟುಡಿಯೋ ತರಗತಿಯಾಯಿತು. ಪಠ್ಯಪುಸ್ತಕದ ಪಾಠಗಳು ಬಾನುಲಿಯಲ್ಲಿ ಬಿತ್ತರಗೊಂಡವು. ರೇಡಿಯೋ ಕೇಳಲು ಇಂಟರ್‌ನೆಟ್ ಬೇಡ, ಹೆಸರು ನೋಂದಾಯಿಸಬೇಕಾಗಿಲ್ಲ, ಯಾರು ಕೇಳಿದರೆಂಬ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಲೇ ಪಾಠ ಕೇಳಬಹುದು.

2024ರ ಮಾರ್ಚ್ 8ರಂದು ಇದೇ ಬಳಗ ಪ್ಯಾರಿಸ್‌ನಿಂದ ‘ಬೇಗಂ ಟಿವಿ’ ಎಂಬ ಉಪಗ್ರಹ ವಾಹಿನಿಯನ್ನು ತೆರೆಯಿತು. ಏಳರಿಂದ 12ನೇ ತರಗತಿಯವರೆಗಿನ ಆಫ್ಘನ್ ಪಠ್ಯಕ್ರಮವನ್ನು ದರಿ ಮತ್ತು ಪಶ್ತೋ ಭಾಷೆಗಳಲ್ಲಿ ವಿಡಿಯೋ ಪಾಠಗಳಾಗಿ ಸಿದ್ಧಪಡಿಸಿದ ‘ಬೇಗಂ ಅಕಾಡೆಮಿ’ ಕೂಡ ಇವರದೇ. ಒಂದೇ ಪಾಠ ಅಂತರ್ಜಾಲ ಇದ್ದವರಿಗೆ ಜಾಲತಾಣದಲ್ಲಿ, ಡಿಶ್ ಇದ್ದವರಿಗೆ ಟಿವಿಯಲ್ಲಿ ಸಿಗುತ್ತದೆ. ಉಪಗ್ರಹದಿಂದ ಬರುವ ಸಂಕೇತವನ್ನು ಕೇಬಲ್ ಕತ್ತರಿಸಿದಷ್ಟು ಸುಲಭವಾಗಿ ಕತ್ತರಿಸಲಾಗದು. ಆದರೆ ನೆಲದ ಮೇಲಿರುವ ಸ್ಟುಡಿಯೋಗೆ ಆ ರಕ್ಷಣೆಯಿಲ್ಲ. 2025ರ ಫೆಬ್ರವರಿ 4ರಂದು ರೇಡಿಯೋ ಬೇಗಂ ಕಚೇರಿಯ ಮೇಲೆ ದಾಳಿ ನಡೆಯಿತು, ಇಬ್ಬರು ಸಿಬ್ಬಂದಿಯನ್ನು ವಶಕ್ಕೆ ತೆಗೆದುಕೊಂಡು ಪ್ರಸಾರ ನಿಲ್ಲಿಸಲಾಯಿತು. ವಿದೇಶಿ ವಾಹಿನಿಗೆ ಕಾರ್ಯಕ್ರಮ ಒದಗಿಸುತ್ತಿದೆ ಎಂಬುದು ಆರೋಪ. ಅದೇ ತಿಂಗಳು ಪ್ರಸಾರಕ್ಕೆ ಮತ್ತೆ ಅನುಮತಿ ದೊರೆಯಿತು.

ಇನ್ನೊಂದು ಸಾಧನ ಮೆಮೊರಿ ಕಾರ್ಡ್. ಉಗುರಿನಷ್ಟು ಅಗಲದ ಚೀಟಿಯಲ್ಲಿ ವರ್ಷಗಳ ಪಾಠವನ್ನು ತುಂಬಬಹುದು. ಪಶ್ತಾನಾ ದುರಾನಿಯವರು 2018ರಲ್ಲಿ ಕಂದಹಾರ್‌ನಲ್ಲಿ ಸ್ಥಾಪಿಸಿದ ‘ಲರ್ನ್’ ಸಂಸ್ಥೆ ಪಾಠಗಳನ್ನು ಮೊದಲೇ ತುಂಬಿದ, ಇಂಟರ್‌ನೆಟ್ ಬೇಡದ ಟ್ಯಾಬ್ಲೆಟ್‌ಗಳನ್ನು ಬಳಸಿತು. ‘ಕೋಲಿಬ್ರಿ’ಯಂಥ ಉಚಿತ ತಂತ್ರಾಂಶಗಳಲ್ಲಿ ಒಮ್ಮೆ ಪಾಠಗಳನ್ನು ಇಳಿಸಿಕೊಂಡರೆ ಸಾಕು, ಆ ಬಳಿಕ ಒಂದು ಯಂತ್ರದಿಂದ ಅದೇ ಕೊಠಡಿಯ ಹಲವು ಫೋನುಗಳಿಗೆ ಅಂತರ್ಜಾಲವಿಲ್ಲದೆಯೇ ಹಂಚಬಹುದು. ‘ದರಖ್ತ್-ಎ-ದಾನಿಶ್’, ಅಂದರೆ ಜ್ಞಾನವೃಕ್ಷ, ಎಂಬ ಡಿಜಿಟಲ್ ಗ್ರಂಥಾಲಯ ದರಿ, ಪಶ್ತೋ ಮತ್ತಿತರ ಆಫ್ಘನ್ ಭಾಷೆಗಳಲ್ಲಿ ಪಾಠ ಸಾಮಗ್ರಿಯನ್ನು ಉಚಿತವಾಗಿ ಒದಗಿಸುತ್ತಿದೆ.

ನೇರ ತರಗತಿಗಿಂತ ಇಳಿಸಿಕೊಂಡ ಪಾಠ, ವಿಡಿಯೋಗಿಂತ ಧ್ವನಿ, ಇಂಗ್ಲಿಷಿಗಿಂತ ದರಿ ಮತ್ತು ಪಶ್ತೋ, ಒಂದು ಮಾಧ್ಯಮಕ್ಕಿಂತ ಮೂರು ಮಾಧ್ಯಮ: ಹೆಚ್ಚು ಹುಡುಗಿಯರನ್ನು ತಲುಪಬೇಕೆಂದರೆ ಹಿಡಿಯಬೇಕಾದ ಕ್ರಮ ಇದು. ಕಣ್ಣು ಕುಕ್ಕುವ ತಂತ್ರಜ್ಞಾನ ಕಾಬೂಲಿನ ಮಧ್ಯಮ ವರ್ಗದ ಮನೆಯಲ್ಲಿ ನಿಂತುಬಿಡುತ್ತದೆ. ಸರಳವಾದದ್ದು ಬೆಟ್ಟದ ಹಳ್ಳಿಗೂ ಹೋಗುತ್ತದೆ.

ಪ್ರಮಾಣಪತ್ರದ ಪ್ರಶ್ನೆ

ಪಾಠ ತಲುಪಿತು, ಹುಡುಗಿ ಕಲಿತಳು ಎಂದೇ ಇಟ್ಟುಕೊಳ್ಳೋಣ. ಮುಂದೇನು? ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವ ಸಂಗತಿ ಇದು. ವಿಶ್ವವಿದ್ಯಾಲಯದ ಪ್ರವೇಶಕ್ಕೆ, ಅದು ಉಚಿತ ಆನ್‌ಲೈನ್ ವಿಶ್ವವಿದ್ಯಾಲಯವೇ ಆಗಿರಲಿ, ಪ್ರೌಢಶಿಕ್ಷಣ ಮುಗಿಸಿದ ದಾಖಲೆ ಬೇಕು. 2021ಕ್ಕೆ ಮೊದಲು 12ನೇ ತರಗತಿ ಮುಗಿಸಿದವರ ಬಳಿ ಅದಿದೆ. ಅಂದು ಆರನೇ ತರಗತಿಯಲ್ಲಿದ್ದವರು ಆನ್‌ಲೈನ್‌ನಲ್ಲಿ ಆರು ವರ್ಷ ಶ್ರದ್ಧೆಯಿಂದ ಓದಿದರೂ ಆ ಓದಿಗೆ ಮುದ್ರೆ ಒತ್ತುವವರು ಯಾರು? ಸ್ವಯಂಸೇವಕರ ಶಾಲೆ ಕೊಡುವ ಪತ್ರವನ್ನು ಆಫ್ಘನ್ ಸರಕಾರ ಮಾನ್ಯ ಮಾಡುವುದಿಲ್ಲ. ಬಹುತೇಕ ವಿದೇಶಿ ವಿಶ್ವವಿದ್ಯಾಲಯಗಳೂ ಅದನ್ನು ಪ್ರವೇಶಕ್ಕೆ ಸಾಕೆನ್ನುವುದಿಲ್ಲ.

ಪರೀಕ್ಷೆ ಬರೆಯುವುದೂ ಸುಲಭವಲ್ಲ. ಮನೆಯಲ್ಲೇ ಕುಳಿತು ಬರೆಯಬಹುದಾದ ಅಂತಾರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆಗಳಿಗೆ ಗುರುತಿನ ಚೀಟಿ ಬೇಕು, ಕ್ಯಾಮೆರಾ ಉದ್ದಕ್ಕೂ ತೆರೆದಿರಬೇಕು, ಸಂಪರ್ಕ ನಡುವೆ ಕಡಿಯಬಾರದು. ಅರ್ಧದಲ್ಲಿ ಕರೆಂಟು ಹೋದರೆ ಪರೀಕ್ಷೆ ಮತ್ತೆ ಮೊದಲಿಂದ. ಶುಲ್ಕ ಕಟ್ಟಲು ಅಂತಾರಾಷ್ಟ್ರೀಯ ಕಾರ್ಡ್ ಬೇಕು. 2021ರ ನಂತರ ಆಫ್ಘನ್ ಬ್ಯಾಂಕುಗಳು ಹೊರಜಗತ್ತಿನ ವ್ಯವಹಾರದಿಂದ ಬಹುಮಟ್ಟಿಗೆ ದೂರವಾದ್ದರಿಂದ ಅದೂ ದುರ್ಲಭ.

ಅಲ್ಲದೆ, ದಾನಿಗಳ ಹಣಕ್ಕೆ ಭರವಸೆಯಿಲ್ಲ. 2025ರಲ್ಲಿ ಅಮೆರಿಕ ಸರಕಾರ ತನ್ನ ಯುಎಸ್‌ಏಡ್ ನೆರವನ್ನು ಕಡಿತಗೊಳಿಸಿದಾಗ ಒಮಾನ್‌ನಲ್ಲಿ ವಿದ್ಯಾರ್ಥಿವೇತನದ ಬಲದಿಂದ ಓದುತ್ತಿದ್ದ 80ಕ್ಕೂ ಹೆಚ್ಚು ಆಫ್ಘನ್ ಯುವತಿಯರು ತಾಯ್ನಾಡಿಗೆ ಮರಳಬೇಕಾದ ಆತಂಕ ಎದುರಿಸಿದರು. ಅದೇ ವರ್ಷ ಇರಾನ್ ಮತ್ತು ಪಾಕಿಸ್ತಾನಗಳಿಂದ 20 ಲಕ್ಷಕ್ಕೂ ಹೆಚ್ಚು ಆಫ್ಘನ್ನರು ಸ್ವದೇಶಕ್ಕೆ ಮರಳಿದರು, ಅವರಲ್ಲಿ ಹೆಚ್ಚಿನವರು ಬಲವಂತಕ್ಕೆ ಸಿಲುಕಿದವರು. ಅಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರಿಗೆ ಗಡಿ ದಾಟಿದ ದಿನವೇ ಓದು ಮುಗಿಯಿತು. ಆನ್‌ಲೈನ್ ಪಾಠ ಬೇಕಾದವರ ಸಂಖ್ಯೆ ಏರುತ್ತಿರುವಾಗಲೇ ಅದಕ್ಕೆ ಒದಗುವ ಹಣ ಇಳಿಯುತ್ತಿದೆ.

ಪರದೆಯಿಂದ ಆಗದ ಕೆಲಸ

ಆನ್‌ಲೈನ್ ಶಿಕ್ಷಣದ ಮಿತಿಗಳನ್ನೂ ಮರೆಯುವಂತಿಲ್ಲ. ಚರಿತ್ರೆ, ಗಣಿತ, ಪ್ರೋಗ್ರಾಮಿಂಗ್ ಪರದೆಯ ಮೇಲೆ ಕಲಿಯಬಹುದು. ಹೆರಿಗೆ ಮಾಡಿಸುವುದನ್ನು ಹಾಗೆ ಕಲಿಯಲಾಗದು. ಅದಕ್ಕೆ ಆಸ್ಪತ್ರೆ ಬೇಕು, ಪಕ್ಕದಲ್ಲಿ ನಿಂತು ಕೈ ತಿದ್ದುವ ಹಿರಿಯ ದಾದಿ ಬೇಕು. ಹೆಣ್ಣು ರೋಗಿಗೆ ಹೆಣ್ಣೇ ಚಿಕಿತ್ಸೆ ನೀಡಬೇಕೆಂಬ ಕಟ್ಟುಪಾಡು ಬಲವಾಗಿರುವ ನಾಡಿನಲ್ಲಿ ವೈದ್ಯೆಯರ, ಸೂಲಗಿತ್ತಿಯರ ಹೊಸ ಪೀಳಿಗೆ ಬಾರದಿದ್ದರೆ ಅದರ ಬೆಲೆ ತೆರುವವರು ಗರ್ಭಿಣಿಯರು. ಆಫ್ಘಾನಿಸ್ತಾನದಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 620 ತಾಯಂದಿರು ಸಾಯುತ್ತಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು. ಜಗತ್ತಿನ ಅತ್ಯಧಿಕ ಪ್ರಮಾಣಗಳಲ್ಲಿ ಅದೂ ಒಂದು. ಸೂಲಗಿತ್ತಿಯರ ಕೊರತೆಯಿಂದ ಹೆಚ್ಚುವರಿಯಾಗಿ 1,600 ತಾಯಂದಿರು, 3,500ಕ್ಕೂ ಹೆಚ್ಚು ಶಿಶುಗಳು ಸಾಯಬಹುದೆಂದು ಯುನಿಸೆಫ್ 2025ರಲ್ಲಿ ಲೆಕ್ಕ ಹಾಕಿತು.

ಶಾಲೆ ಕೊಡುವುದು ಪಾಠವೊಂದನ್ನೇ ಅಲ್ಲ. ಬೆಳಗ್ಗೆ ಎದ್ದು ಹೊರಡಲು ಒಂದು ಕಾರಣ, ಹಂಚಿಕೊಳ್ಳಲು ಗೆಳತಿಯರು, ಮನೆಯಾಚೆ ಒಂದು ಜಾಗ ಎಲ್ಲವೂ ಅದರ ಜೊತೆಗೇ ಬರುತ್ತವೆ. ಶಾಲೆಗೆ ಹೋಗುವ ಮಗಳ ಮದುವೆಯನ್ನು ಮುಂದೂಡಲು ತಾಯಿಗೊಂದು ನೆಪವಿರುತ್ತದೆ. ಮನೆಯ ಮೂಲೆಯಲ್ಲಿ ಕದ್ದು ಕೇಳುವ ಪಾಠಕ್ಕೆ ಆ ಬಲವಿಲ್ಲ. ‘ಹೇಗಿದ್ದರೂ ಆನ್‌ಲೈನ್ ಇದೆಯಲ್ಲ’ ಎಂದು ಜಗತ್ತು ಸಮಾಧಾನಪಟ್ಟುಕೊಂಡರೆ ನಿಷೇಧಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತದೆ.

ಭಾರತದ ಪಾಲು

ಆಫ್ಘನ್ ವಿದ್ಯಾರ್ಥಿಗಳಿಗೆ ಭಾರತ ಬಹುಕಾಲದಿಂದ ಪರಿಚಿತ ನೆಲೆ. ಭಾರತೀಯ ಸಾಂಸ್ಕೃತಿಕ ಸಂಬಂಧ ಮಂಡಳಿಯ ವಿದ್ಯಾರ್ಥಿವೇತನ ಪಡೆದು ಬಂದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ, ಬೆಂಗಳೂರಿನಲ್ಲಿ ಓದಿದ್ದಾರೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಮೈಸೂರಿನಲ್ಲಿದ್ದ ಹತ್ತಾರು ಆಫ್ಘನ್ ವಿದ್ಯಾರ್ಥಿಗಳು ಊರಿನ ಚಿಂತೆಯಲ್ಲಿ ದಿನ ಕಳೆದದ್ದನ್ನು ರಾಜ್ಯದ ಪತ್ರಿಕೆಗಳು ವರದಿ ಮಾಡಿದ್ದವು. ಅದೇ ತಿಂಗಳು ಹಿಂದೆ ಕೊಟ್ಟಿದ್ದ ವೀಸಾಗಳನ್ನು ಭಾರತ ರದ್ದುಗೊಳಿಸಿದ್ದರಿಂದ ರಜೆಗೆಂದು ಊರಿಗೆ ಹೋಗಿದ್ದ ಅನೇಕರು ಅಲ್ಲೇ ಸಿಕ್ಕಿಕೊಂಡರು.

2023ರಲ್ಲಿ ಮಂಡಳಿಯು ‘ಇ-ವಿದ್ಯಾಭಾರತಿ’ ಯೋಜನೆಯಡಿ ಆಫ್ಘನ್ನರಿಗೆ ಭಾರತೀಯ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿಗಳಿಗಾಗಿ 1,000 ವಿದ್ಯಾರ್ಥಿವೇತನಗಳನ್ನು ಪ್ರಕಟಿಸಿತು. ಅದೇ ವರ್ಷ ಉತ್ತರ ಆಫ್ಘಾನಿಸ್ತಾನದ ಯುವತಿಯೊಬ್ಬರು ಮದ್ರಾಸ್ ಐಐಟಿಯ ಎಂ.ಟೆಕ್. ಪದವಿಯನ್ನು ಮನೆಯಿಂದಲೇ ಪೂರೈಸಿದ ಸುದ್ದಿ ಬಂತು. ಕಲಿಸುವ ಸಂಸ್ಥೆ ಮನಸ್ಸು ಮಾಡಿ ನಿಯಮಗಳನ್ನು ಸಡಿಲಿಸಿದರೆ ಮಾನ್ಯತೆಯುಳ್ಳ ಪದವಿಯೂ ಮನೆಬಾಗಿಲಿಗೆ ಹೋಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಖಿ ದೆಹಲಿಗೆ ಬಂದರು. ಅವರ ಮೊದಲ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಆಹ್ವಾನಿಸದಿದ್ದದ್ದು ವಿವಾದಕ್ಕೆ ಎಡೆಮಾಡಿತು. ಎರಡನೆಯ ಗೋಷ್ಠಿಗೆ ಬಂದ ಪತ್ರಕರ್ತೆಯರು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನೇರವಾಗಿಯೇ ಕೇಳಿದರು. ತಾವು ಅದನ್ನು ಧರ್ಮನಿಷಿದ್ಧ ಎಂದು ಘೋಷಿಸಿಲ್ಲ, ಮುಂದಿನ ಆದೇಶದವರೆಗೆ ಮುಂದೂಡಿದ್ದೇವೆ ಅಷ್ಟೆ ಎಂಬುದು ಅವರ ಉತ್ತರದ ಸಾರ. ಅದೇ ತಿಂಗಳು ಭಾರತ ಕಾಬೂಲಿನಲ್ಲಿ ತನ್ನ ರಾಯಭಾರ ಕಚೇರಿಯನ್ನು ಪುನರಾರಂಭಿಸಿತು. ಮಾತುಕತೆಯ ಬಾಗಿಲು ತೆರೆದಿರುವಾಗ ಶಾಲೆಯ ಬಾಗಿಲಿನ ಮಾತನ್ನೂ ಎತ್ತುವುದು ಸಾಧ್ಯ.

ಉಳಿದಿರುವ ಕಾಲ

2021ರಲ್ಲಿ ಏಳನೇ ತರಗತಿಗೆ ಸೇರಬೇಕಾಗಿದ್ದ ಹುಡುಗಿ 2026ರಲ್ಲಿ 12ನೇ ತರಗತಿಯಲ್ಲಿರಬೇಕಿತ್ತು. ‘ಮುಂದೂಡಿದ’ ಶಿಕ್ಷಣ ಅವಳ ಪಾಲಿಗೆ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಪ್ರತಿ ವರ್ಷ ಆರನೇ ತರಗತಿಯ ಕೊನೆಯ ಪರೀಕ್ಷೆ ಬರೆದು ಹೊರಬರುವ ಹುಡುಗಿಯರ ಇನ್ನೊಂದು ತಂಡ ಅವಳ ಹಿಂದೆ ಸಾಲುಗಟ್ಟುತ್ತಿದೆ.

ಇವರಿಗಾಗಿ ಹೊರಗಿನವರು ಮಾಡಬಹುದಾದ ಕೆಲಸ ಇನ್ನೂ ಉಳಿದಿದೆ. ಮತ್ತೊಂದು ಹೊಸ ಜಾಲತಾಣ ಕಟ್ಟುವುದಕ್ಕಿಂತ ಇರುವ ಪಾಠಗಳನ್ನು ದರಿ, ಪಶ್ತೋಗಳಿಗೆ ತಂದು, ಹಗುರಗೊಳಿಸಿ, ಬಾನುಲಿ, ಉಪಗ್ರಹ ಮತ್ತು ಮೆಮೊರಿ ಕಾರ್ಡುಗಳ ಮೂಲಕ ಹಂಚುವುದು ಹೆಚ್ಚು ಫಲ ಕೊಡುತ್ತದೆ. ಇಂಟರ್‌ನೆಟ್ ಖರ್ಚಿಗೆ ಒದಗಿಸುವ ಸಣ್ಣ ಮೊತ್ತ ದೊಡ್ಡ ಘೋಷಣೆಗಿಂತ ಉಪಯುಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗಿ ಯಾವ ದಾರಿಯಿಂದ ಕಲಿತಳೆಂದು ಕೇಳದೆ ಏನು ಕಲಿತಿದ್ದಾಳೆ ಎಂಬುದನ್ನು ಪರೀಕ್ಷಿಸಿ, ಹತ್ತಾರು ದೇಶಗಳ ವಿಶ್ವವಿದ್ಯಾಲಯಗಳು ಒಪ್ಪುವಂಥ ಪ್ರೌಢಶಿಕ್ಷಣ ಪ್ರಮಾಣಪತ್ರ ಕೊಡುವ ಏರ್ಪಾಡು ಆಗಬೇಕು. ಅದು ಸರಕಾರಗಳು, ವಿಶ್ವವಿದ್ಯಾಲಯಗಳು ಕೂಡಿ ಮಾಡಬೇಕಾದ ಕೆಲಸ, ಸ್ವಯಂಸೇವಕರಿಂದ ಆಗುವಂಥದಲ್ಲ.

ಹೆರಾತ್‌ನ ಹೊಲಿಗೆ ಶಾಲೆಗೆ ಹೋಗುತ್ತಿದ್ದ ಯುವತಿಯರಲ್ಲಿ ಕೆಲವರು 2001ರಲ್ಲಿ ತಾಲಿಬಾನ್ ಆಳ್ವಿಕೆ ಕೊನೆಗೊಂಡಾಗ ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರಿದರು. ಕದ್ದು ಓದಿದ ವರ್ಷಗಳು ಅವರನ್ನು ಆ ಬಾಗಿಲ ಬಳಿಗೆ ತಂದು ನಿಲ್ಲಿಸಿದ್ದವು. ಆನ್‌ಲೈನ್ ತರಗತಿಯಿಂದ ನಿರೀಕ್ಷಿಸಬೇಕಾದದ್ದೂ ಇಷ್ಟೇ. ಶಾಲೆ ತೆರೆಯುವ ದಿನ ಬಂದಾಗ ಈ ಹುಡುಗಿ ಮತ್ತೆ ಏಳನೇ ತರಗತಿಯ ಬೆಂಚಿನಲ್ಲಿ ಕುಳಿತುಕೊಳ್ಳುವಂತಾಗಬಾರದು.